ಹಾಪರಿನೊಳಗಿನ ಅಡ್ಡ ತುಂಡು

ಅಥವಾ ಅದು ಕಬ್ಬಿಣದ ಪೈಪೇ ಇದ್ದಿರಬಹುದು. ನೆನಪಿನಲ್ಲಿ ನನಗೆ ಕಾಣುವುದು ಮಾತ್ರ ಮರದ ತುಂಡು, ಮುರಿದ ಒನಕೆಯದು. ಕೋಣಂದೂರಿನ ಅಕ್ಕಿ ಗಿರಣಿಯ ಹಾಪರಿನಲ್ಲಿ, ಭತ್ತ ಸುರಿಯುವ ಆ ತಗಡಿನ ತೊಟ್ಟಿಯಲ್ಲಿ, ಕಾಳು ಇಳಿಯುವ ಬಾಯಿಗಿಂತ ಗೇಣು ಮೇಲೆ ಅಡ್ಡಕ್ಕೆ ಕಟ್ಟಿದ್ದು. ಆದರೆ ಹಾಪರ್ ತುಂಬಿದ್ದರೆ ಅದು ಕಾಣುವಂತೆಯೇ ಇಲ್ಲ. ಖಾಲಿ ಹಾಪರಿನೊಳಗೆ ನಾನೇಕೆ ಇಣುಕಿದೆ?

ಕಾಳುಗಳ ಹರಿವು ನನ್ನ ಸಂಶೋಧನೆಯ ವಿಷಯ. ಅವು ಒಂದಕ್ಕೊಂದು ಆತು, ಕಮಾನು ಕಟ್ಟಿ, ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ. ಬಾಯಿಯ ಮೇಲೊಂದು ಅಡ್ಡಿ ಇಟ್ಟರೆ ಸಿಕ್ಕಿಕೊಳ್ಳುವುದು ಕಡಿಮೆಯಾಗುತ್ತದೆ. ನಾಲ್ಕು ಜನ ನನ್ನನ್ನು ಗುರುತಿಸಿದ್ದು ಇದರ ಬಗ್ಗೆ ಬರೆದ ಲೇಖನದಿಂದ. ಹೇಗೆ ಹೊಳೆಯಿತೆಂದು ಕೇಳಿದವರಿಗೆಲ್ಲ ಒಂದೇ ಕಥೆ ಹೇಳಿದ್ದೇನೆ: ಕಾಳುಗಳ ಹರಿವನ್ನು ಕಂಪ್ಯೂಟರಿನಲ್ಲಿ ತೋರಿಸುವ ಪ್ರೋಗ್ರಾಮಿನಲ್ಲಿ ನಾನು ಮಾಡಿದ ತಪ್ಪಿನಿಂದ ಒಂದು ಕಾಳು ಬಾಯಿಯ ಮೇಲೆ ಅಲ್ಲಾಡದೆ ನಿಂತುಬಿಟ್ಟಿತು, ಉಳಿದವು ಸರಾಗವಾಗಿ ಇಳಿದವು. ಜನ ನಗುತ್ತಾರೆ. ಹೇಳಿ ಹೇಳಿ ಕಥೆ ನುಣುಪಾಗಿದೆ, ಅನುಮಾನ ಅದಕ್ಕೇ.

ಈಗ ಆ ಲೇಖನಗಳನ್ನು ಪುಸ್ತಕ ಮಾಡುತ್ತಿದ್ದೇನೆ. ಕೃತಜ್ಞತೆಯ ಪುಟದಲ್ಲಿ ಗಿರಣಿಯವರ ಹೆಸರು ಬೇಕೋ ಬೇಡವೋ? ಅವರ ಉಪಾಯವನ್ನೇ ನಾನು ಮೊದಲು ಕಂಡಿದ್ದರೆ ಇಷ್ಟು ವರ್ಷ ಹೇಳಿದ್ದು ಸುಳ್ಳು. ಯಾವುದು ಮೊದಲೆಂದು ತಿಳಿಯಲು ಆ ಪ್ರೋಗ್ರಾಮಿನ ಹಳೆಯ ಫೈಲುಗಳನ್ನು ತೆರೆದು ನೋಡಿದೆ. ಹೊಸ ಕಂಪ್ಯೂಟರಿಗೆ ನಕಲು ಮಾಡಿದ ದಿನದ ತಾರೀಖೇ ಎಲ್ಲದರ ಮೇಲೂ ಬಿದ್ದಿತ್ತು.

ಹೊಸನಗರದ ಅಕ್ಕನ ಮನೆಗೆ ಹೋದವಳು ಅಲ್ಲಿಂದ ಬಸ್ಸು ಹಿಡಿದು ಕೋಣಂದೂರಿಗೆ ಹೋದೆ. ಎಷ್ಟೋ ವರ್ಷಗಳ ಮೇಲೆ ಹೋದರೂ ಗಿರಣಿಯವರು ಗುರುತು ಹಿಡಿದರು. ಅಕ್ಕನ ಮೊಣಕಾಲು ನೋವು ವಿಚಾರಿಸಿ, ನಿಮ್ಮದು ಇನ್ನೂ ಕಾಳು ಎಣಿಸುವ ಕೆಲಸವೇ ಎಂದು ಕೇಳಿದರು. ಹಾಪರಿನಲ್ಲಿ ಅಡ್ಡ ತುಂಡು ಈಗಲೂ ಇತ್ತು, ಕಬ್ಬಿಣದ್ದು. ಮೊದಲಿನದು ಮರದ್ದಂತೆ, ಹುಳ ತಿಂದು ಹೋಯಿತಂತೆ. ಒನಕೆಯದೋ, ನೆನಪಿಲ್ಲವಂತೆ.

ಇದು ಯಾರ ಉಪಾಯ ಎಂದು ಕೇಳಿದೆ.

"ಎಂತ ಮಾರಾಯ್ರೆ, ನೀವೇ ಹೇಳಿದ್ದಲ್ವಾ? ಕಂಪ್ಯೂಟರಲ್ಲಿ ನೋಡಿದ್ದೀನಿ, ಒಂದು ಅಡ್ಡ ಕಟ್ಟಿ ಅಂತ. ನಾನು ಕಟ್ಟಿ ಕಾದಿದ್ದೇ ಬಂತು. ಹೇಳಿದೋರು ನೋಡೋಕೂ ಬರ್ಲಿಲ್ಲ."

ಹಾಗೆ ಹೇಳಿದ ನೆನಪು ನನಗಿಲ್ಲ. ನನಗೆ ಅನುಕೂಲವಾದ ಉತ್ತರ, ಆದ್ದರಿಂದಲೇ ನಂಬಲು ಹೆದರಿಕೆ. ಅಲ್ಲದೆ, ನಾನು ನೋಡಲು ಬರಲೇ ಇಲ್ಲವೆಂದರೆ, ನನ್ನ ಕಣ್ಣಿಗೆ ಕಟ್ಟಿರುವ ಮರದ ತುಂಡು ಎಲ್ಲಿಯದು?

ಅವರ ಹೆಸರು ಹಾಕಲೇ ಎಂದೆ. ಹಾಕಿ, ಎಂತ ಹೋಗುತ್ತೆ ಎಂದರು.

ಹೆಸರು ಬರೆದಿದ್ದೇನೆ. ಯಾವುದಕ್ಕೆ ಕೃತಜ್ಞತೆ ಎಂಬಲ್ಲಿ ಇನ್ನೂ ಏನೂ ಬರೆದಿಲ್ಲ. ಯಾರು ಯಾರಿಗೆ ಮೊದಲು ಹೇಳಿದ್ದೆಂದು ನನಗೆ ಗೊತ್ತಿಲ್ಲ.