ಗರಿಫಾಲ್ಯಾಳ ಬಿಸಿಲಿಗೆ ಕಟ್ಟಿದ ಬೆಲೆ

ಮಿಲ್ತಿಯಾದಿಸ್‌ನ ನಿಟ್ಟುಸಿರಿಗೆ ಯೆರಾಪೆತ್ರಾ ಊರೇ ನಡುಗುತ್ತಿತ್ತು. ಬ್ಯಾಂಕಿನ ಪರವಾಗಿ ಮನೆಗಳಿಗೆ ಬೆಲೆ ಕಟ್ಟುವ ಈ ಮಹಾನುಭಾವ ತಾರಸಿಯ ಕೊನೆಯ ಮೆಟ್ಟಿಲಲ್ಲಿ ನಿಂತು ಒಮ್ಮೆ ಉಸಿರು ಬಿಟ್ಟನೆಂದರೆ ಗೋಡೆ ಬಿರುಕು ಬಿಡುತ್ತದೆ, ಪಕ್ಕದ ಮನೆಯ ಬೆಲೆಯೂ ಕುಸಿಯುತ್ತದೆ, ಬಂದರಿನ ದೋಣಿಗಳು ತಾವಾಗಿಯೇ ಹೊರಟುಬಿಡುತ್ತವೆ ಎಂದು ಕಾಫಿ ಅಂಗಡಿಯ ಪುರಾಣ. ನಿಜವೆಂದರೆ ಅವನ ಮಂಡಿ ಸವೆದಿತ್ತು. ಪರರ ಮೆಟ್ಟಿಲು ಹತ್ತಿ ಹತ್ತಿ ಮುದಿಯಾದ ಮಂಡಿ.

ಆ ಮಧ್ಯಾಹ್ನ ಅವನು ಹತ್ತಿದ್ದು ಗರಿಫಾಲ್ಯಾಳ ತಾರಸಿ. ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು. ತಂದೆ ಬಿಟ್ಟುಹೋದ ಮನೆಯಲ್ಲಿ ಅರ್ಧ ಅವಳದು, ಅರ್ಧ ಅಣ್ಣ ಪೋಲಿದೋರೊಸ್‌ನದು. ಅಣ್ಣನ ಪಾಲನ್ನು ಅವಳು ಸಾಲ ಮಾಡಿ ಕೊಳ್ಳಬೇಕು. ಆಗದಿದ್ದರೆ ಮನೆ ಕಂಡವರ ಪಾಲು. ಮಿಲ್ತಿಯಾದಿಸ್ ಹೇಳಿದ್ದೇ ಬೆಲೆ ಎಂದು ಇಬ್ಬರೂ ಮಾತು ಕೊಟ್ಟಿದ್ದರು. ಬೆಲೆ ಏರಿದಷ್ಟೂ ಹೊರೆ ಅವಳ ತಲೆಗೇ. ಆದರೆ ಬಂದವರ ಮುಂದೆ ತನ್ನ ಮನೆಯನ್ನು ಹೊಗಳದಿದ್ದರೆ ಕ್ರೀಟ್ ದ್ವೀಪದ ಹೆಣ್ಣಿಗೆ ತುತ್ತು ಇಳಿದೀತೇ?

"ನೋಡಿ ಸ್ವಾಮಿ, ಹದಿನೆಂಟು ಸೋಲಾರ್ ಪ್ಯಾನೆಲ್! ಕರೆಂಟ್ ಬಿಲ್ಲು ಅಂದ್ರೇನು ಅಂತ್ಲೇ ಮರ್ತೋಗಿದೆ. ಈ ಗೋಡೆ ಮುಟ್ಟಿ! ದಪ್ಪ ಹೊದಿಕೆ ಹಾಕ್ಸಿದೀನಿ, ಆಗಸ್ಟ್ ಬಿಸಿಲಲ್ಲೂ ಫ್ಯಾನ್ ಬೇಡ."

ಪಕ್ಕದಲ್ಲೇ ಕೂತಿದ್ದ ಅಣ್ಣ ರಕಿ ಸಾರಾಯಿ ಹೀರುತ್ತ ಹಿಗ್ಗಿದ. "ಹೇಳು ತಂಗೀ, ಇನ್ನೂ ಹೇಳು. ಕಿಟಕಿ ಬಿಟ್ಟೆಯಲ್ಲ!"

"ಕಿಟಕಿಗೆ ಎರಡು ಪದರ ಗಾಜು!"

ಮಿಲ್ತಿಯಾದಿಸ್ ಮೆಟ್ಟಿಲ ಗೋಡೆಗೆ ಅಂಗೈಯಿಟ್ಟ. ತಂಪಾಗಿತ್ತು. ಅಲ್ಲೇ ಒರಗಿ ಒಂದು ನಿದ್ದೆ ತೆಗೆಯೋಣ ಎನಿಸಿತು. ಆ ದಿನಕ್ಕೆ ಅದು ನಾಲ್ಕನೆಯ ಮನೆ.

ಸುತ್ತ ನೋಡಿದ. ಬೀದಿಯ ಪ್ರತಿ ತಾರಸಿಯ ಮೂಲೆಯಲ್ಲೂ ತುಕ್ಕು ಹಿಡಿದ ಕಬ್ಬಿಣದ ಸರಳುಗಳು ಮುಗಿಲಿಗೆ ಕೈಚಾಚಿದ್ದವು. ಮುಂದೆಂದೋ ಮಗಳಿಗೆಂದು ಏರಿಸುವ ಮಹಡಿಗೆ ಈಗಲೇ ಇಟ್ಟ ಮುಡಿಪು. ಕೊಳ್ಳುವವರು ಮೊದಲು ಹುಡುಕುವುದೇ ಅವನ್ನು. ಇಲ್ಲಿ ಒಂದೂ ಇಲ್ಲ.

"ಸರಳುಗಳು ಎಲ್ಲಿ ಹೋದ್ವಮ್ಮ?"

"ಕೊಯ್ಸಿಬಿಟ್ಟೆ! ಪ್ಯಾನೆಲ್ ಮೇಲೆ ನೆರಳು ಬೀಳ್ತಿತ್ತು."

ಅಣ್ಣನ ಗಂಟಲಲ್ಲಿ ರಕಿ ಸಿಕ್ಕಿಕೊಂಡಿತು. "ಕೊಯ್ಸಿದ್ಯಾ? ಅಪ್ಪ ನೆಟ್ಟಿದ್ದನ್ನ?"

ಬೆಲೆ ಬಂದಾಗ ಅದು ಬೀದಿಗೇ ಕಡಿಮೆ. ಪೋಲಿದೋರೊಸ್ ಗುಡುಗಿದ: "ಅಷ್ಟೊಂದು ಪ್ಯಾನೆಲ್‌ಗೆ ಒಂದು ಯೂರೋನೂ ಇಲ್ವೇನಯ್ಯಾ? ಸೂರ್ಯ ಏನು ಪುಕ್ಕಟೆನಾ?" ಆದರೆ ಕೊಟ್ಟ ಮಾತು ಕೊಟ್ಟದ್ದೇ. ಸಿಕ್ಕಷ್ಟು ಹಣ ತೆಗೆದುಕೊಂಡು ಅಥೆನ್ಸ್ ಹಡಗು ಹತ್ತಿದ.

ಗರಿಫಾಲ್ಯಾ ಮೊದಲು ತನ್ನ ಪ್ಯಾನೆಲ್‌ಗಳಿಗಾದ ಅವಮಾನಕ್ಕೆ ಗೋಳಾಡಿದಳು. ಸಾಲ ಕೈಗೆಟುಕಿ, ಮನೆ ಪೂರ್ತಿ ತನ್ನದಾದ ಮೇಲಷ್ಟೇ ಅವಳಿಗೆ ಹೊಳೆಯಿತು. ಗಿಣ್ಣಿನ ಕಡುಬಿನ ತಟ್ಟೆ ಹಿಡಿದು ಕಾಫಿ ಅಂಗಡಿಗೇ ನುಗ್ಗಿದಳು.

"ನನ್ನ ಮನೆ ಉಳಿಸೋಕೆ ಅಂತ್ಲೇ ನೀವು ಬೆಲೆ ತಗ್ಗಿಸಿದ್ದು! ನೀವು ಮನುಷ್ಯರಲ್ಲ ಸ್ವಾಮಿ, ಸಂತರು!"

ಅಂಗಡಿಯೇ ಎದ್ದು ನಿಂತಿತು. ಯಾರೋ ಶಿಲುಬೆ ಗುರುತನ್ನೂ ಹಾಕಿಕೊಂಡರು. ಸಂತನು ಒಂದು ಕಡುಬು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದ.

"ಈ ಊರಲ್ಲಿ ಸೋಲಾರ್ ಇರೋ ಮನೆ ಇನ್ನೂ ಒಂದೂ ಮಾರಾಟ ಆಗಿಲ್ಲ ಕಣಮ್ಮ. ಪ್ಯಾನೆಲ್ ಬೆಲೆ ಹೋಲಿಸೋಕೆ ಏನೂ ಸಿಗ್ಲಿಲ್ಲ, ಸೊನ್ನೆ ಬರ್ದೆ."