ಬೇವಿನ ದಿಮ್ಮಿಯೊಳಗಿನ ಮೊಳೆ

ನಮ್ಮ ಮಾವನವರಿಗೆ ಪೇಟೆಯ ಮರ ಎಂದರೆ ಆಗುತ್ತಿರಲಿಲ್ಲ. ಹಂಗಳದ ನಮ್ಮ ಹಳೆಯ ಮನೆಯ ತೊಲೆಗಳಿಗೆ ಗೆದ್ದಲು ಹಿಡಿದು ಹೊಸ ಮನೆ ಕಟ್ಟುವುದೆಂದು ತೀರ್ಮಾನವಾದಾಗ, ಗುಂಡ್ಲುಪೇಟೆಯಿಂದ ಕೊಯ್ದ ಮರ ತರೋಣ ಎಂದು ನನ್ನ ಗಂಡ ಬಾಯಿ ತೆರೆದದ್ದೇ ತಪ್ಪಾಯಿತು. "ಯಾರ ಒಲದ್ ಮರವೋ, ಅದರ ಕೆಳಗ ಏನೇನ್ ನಡದಿತ್ತೋ, ಅದ್ನ ತಂದು ತಲ ಮ್ಯಾಲ ಇಟ್ಕಂಡು ಮಲಗನಾ? ನಮ್ಮ ಮರವ ನಾವೇ ಕುಯ್ಸನ, ಸುಮ್ನಿರ್ಲಾ" ಎಂದರು. ಐವತ್ತರ ದಶಕದ ಮಾತು ಇದು. ನಾನು ಆ ಮನೆಗೆ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಮಾವನ ಮಾತಿಗೆ ಒಳಗೊಳಗೇ ನಕ್ಕಿದ್ದೆ.

ಹೊಲದ ಬದುವಿನಲ್ಲಿ ಎರಡು ಬೇವಿನ ಮರಗಳಿದ್ದವು. ಎರಡೂ ಒಂದೇ ದಪ್ಪ. ಮೂಡಲ ಕಡೆಯದನ್ನು ಕಡಿಸಬೇಕು, ಪಡುವಲ ಮರದ ತಂಟೆಗೆ ಹೋಗಕೂಡದು ಎಂದು ಮಾವ ಹೇಳಿದ್ದನ್ನೇ ಹೇಳಿದರು. ಯಾಕೆ ಎಂದರೆ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದುಹೋದರು. ಅತ್ತೆ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು, ತಲೆ ಎತ್ತಲಿಲ್ಲ. ಅವರು ಇದ್ದದ್ದೇ ಹಾಗೆ. ಮಾತು ಬರುವುದೇ ಅಪರೂಪ, ಬಂದರೂ ಪಕ್ಕದಲ್ಲಿದ್ದವರಿಗಷ್ಟೇ ಕೇಳಬೇಕು. ಜೋರಾಗಿ ನಕ್ಕದ್ದನ್ನಾಗಲಿ ಬೈದದ್ದನ್ನಾಗಲಿ ನಾನು ಕಂಡಿರಲಿಲ್ಲ. ಇಂಥ ಅತ್ತೆ ಸಿಕ್ಕಿದ್ದು ನಿನ್ನ ಪುಣ್ಯ ಎನ್ನುತ್ತಿದ್ದರು ತವರಿನವರು. ನನಗೆ ಮಾತ್ರ ಅವರ ಹತ್ತಿರ ಒಬ್ಬಳೇ ಕೂತಾಗ ಭಯವಾಗುತ್ತಿತ್ತು.

ಮರ ಉರುಳಿಸಿ ದಿಮ್ಮಿ ಒಣಗಿದ ಮೇಲೆ, ಕೊಯ್ಯಲು ವಯನಾಡಿನ ಕಡೆಯಿಂದ ಇಬ್ಬರು ಮಲೆಯಾಳಿಗಳು ಬಂದರು. ಬದುವಿನ ಪಕ್ಕದಲ್ಲೇ ಆಳುದ್ದದ ಗುಂಡಿ ತೋಡಿ, ಅದರ ಮೇಲೆ ದಿಮ್ಮಿಯನ್ನು ಮಲಗಿಸಿದರು. ಇದ್ದಿಲ ನೀರಲ್ಲಿ ಅದ್ದಿದ ನೂಲನ್ನು ಬಿಗಿಹಿಡಿದು ಮೀಟಿ ಕಪ್ಪು ಗೆರೆ ಹಾಕಿದರು. ಒಬ್ಬ ದಿಮ್ಮಿಯ ಮೇಲೆ ನಿಂತ, ಇನ್ನೊಬ್ಬ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಗುಂಡಿಗಿಳಿದ. ಉದ್ದನೆಯ ಗರಗಸ ಇಬ್ಬರ ನಡುವೆ ಮೇಲಕ್ಕೂ ಕೆಳಕ್ಕೂ ಓಡಾಡತೊಡಗಿತು. ಕೆಳಗಿನವನು ಕಾಣುತ್ತಲೇ ಇರಲಿಲ್ಲ. ಮಣ್ಣಿನೊಳಗಿಂದ ಯಾರೋ ಏದುಸಿರು ಬಿಡುತ್ತಿದ್ದಾರೆ ಅನ್ನಿಸುತ್ತಿತ್ತು. ಅತ್ತೆ ಮಜ್ಜಿಗೆ ಕೊಡುವ ನೆಪದಲ್ಲಿ ಬಂದು ಗುಂಡಿಯ ಅಂಚಿನಲ್ಲಿ ಕೂತುಬಿಡುತ್ತಿದ್ದರು. ಮರದ ಹೊಟ್ಟು ಮುಖದ ಮೇಲೆ ಬಿದ್ದರೂ ಒರೆಸಿಕೊಳ್ಳುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ.

ಒಂದು ದಿನ ಬಿಸಿಲು ಇಳಿಯುವ ಹೊತ್ತಿಗೆ ಗರಗಸ ಕಿರುಚಿತು. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು ಎಂದು ಈಗ ಹೇಳಬಹುದು. ಆಗ ಅದು ಹೆಂಗಸಿನ ಕೂಗಿನ ಹಾಗೇ ಕೇಳಿಸಿತು. ಹಲ್ಲು ಮುರಿದ ಗರಗಸವನ್ನು ಹೊರಗೆಳೆದು, ಬೆಣೆ ಹೊಡೆದು ದಿಮ್ಮಿಯನ್ನು ಸೀಳಿದರು. ತೊಗಟೆಯಿಂದ ಗೇಣುದ್ದ ಒಳಗೆ ತುಕ್ಕು ಹಿಡಿದ ದಪ್ಪ ಮೊಳೆ. ಸುತ್ತಲಿನ ಮರ ಕಪ್ಪಗಾಗಿತ್ತು. ಮೊಳೆಗೆ ಕೂದಲು ಸುತ್ತಿತ್ತು, ಹೆಂಗಸಿನ ಉದ್ದ ಕೂದಲು.

"ಈ ಮರ ಬೇಡ ಯಜಮಾನ್ರೆ, ಇದರಲ್ಲಿ ಯಾರನ್ನೋ ಕೂರ್ಸಿದ್ದಾರೆ" ಎಂದು ದಿಮ್ಮಿಯ ಮೇಲಿದ್ದವನು ಅರೆಬರೆ ಕನ್ನಡದಲ್ಲಿ ಹೇಳಿ ಕೆಳಗಿಳಿದ. ಗುಂಡಿಯವನು ಆಗಲೇ ಮೇಲೆ ಬಂದಿದ್ದ. ಮಾವ ಮೊಳೆಯ ಹತ್ತಿರ ಬಗ್ಗಿ ನೋಡಿ ಕೂಗಿಕೊಂಡರು. "ಅಯ್ಯೋ ಶಿವನೇ, ಮರ ತಪ್ಪೋಯ್ತಲ್ಲಾ! ಮೊಳ ಒಡ್ಸಿದ್ದು ಪಡುವಲ ಮರಕ್ಕ ಅನ್ಕಂಡಿದ್ನಲ್ಲಾ!"

ಆಗ ಗೊತ್ತಾಯಿತು. ಅತ್ತೆಯ ಮೊದಲ ಕೂಸು, ಹೆಣ್ಣು, ಹಾಲು ಬಿಡುವ ಮೊದಲೇ ಜ್ವರದಲ್ಲಿ ಹೋಗಿತ್ತಂತೆ. ಅಲ್ಲಿಂದ ಅತ್ತೆ ದಿನಾ ಮುಚ್ಚಂಜೆಯಲ್ಲಿ ಊರಿಗೆಲ್ಲ ಕೇಳುವ ಹಾಗೆ ಅಳುತ್ತಿದ್ದರಂತೆ. ಗಾಳಿ ಮೆಟ್ಟಿಕೊಂಡಿದೆ ಎಂದು ಉಮ್ಮತ್ತೂರು ಕಡೆಯ ಮಂತ್ರವಾದಿಯನ್ನು ಕರೆಸಿ, ನೆತ್ತಿಯ ಕೂದಲು ಕಿತ್ತು, ಮೊಳೆಗೆ ಸುತ್ತಿ ಬೇವಿನ ಮರಕ್ಕೆ ಹೊಡೆಸಿದರು. ಆವತ್ತೇ ಅಳು ನಿಂತಿತು. ತಮ್ಮ ಹೆತ್ತ ತಾಯಿ ಸತ್ತಾಗಲೂ ಅತ್ತೆ ಅಳಲಿಲ್ಲವಂತೆ. ಮೊಳೆಯ ಮೇಲೆ ತೊಗಟೆ ಬೆಳೆದು ಮುಚ್ಚಿಕೊಂಡಿತು, ಮಾವನ ನೆನಪಿನಲ್ಲಿ ಮರ ಅದಲುಬದಲಾಯಿತು.

ಅಂದು ದೀಪ ಹಚ್ಚುವ ಹೊತ್ತಿಗೆ ಒಳಮನೆಯಿಂದ ಅಳು ಶುರುವಾಯಿತು. ತಲೆ ನರೆತ ಹೆಂಗಸಿನ ದನಿಯಲ್ಲ ಅದು, ನನ್ನ ವಯಸ್ಸಿನವಳದ್ದು. ಕೊಟ್ಟಿಗೆಯಲ್ಲಿ ಮಲಗಿದ್ದ ದನಗಳು ಎದ್ದು ನಿಂತವು. ಅಕ್ಕಪಕ್ಕದವರು ಬಾಗಿಲು ಹಾಕಿಕೊಂಡರು. ಬಾಗಿಲ ಸಂದಿಯಿಂದ ನೋಡಿದೆ. ಅತ್ತೆ ಗೋಡೆಗೆ ಮುಖ ಮಾಡಿ ಕೂತು, ಖಾಲಿ ಮಡಿಲನ್ನು ತೂಗುತ್ತಿದ್ದರು. "ಗಾಳಿ ಬುಟ್ಕಂಡ್ಬುಡ್ತು ಕಣ್ಲಾ" ಎಂದು ಮಾವ ನನ್ನ ಗಂಡನನ್ನು ಉಮ್ಮತ್ತೂರಿಗೆ ಅಟ್ಟಿದರು.

ಹಳೆಯ ಮಂತ್ರವಾದಿ ಸತ್ತಿದ್ದ, ಅವನ ಮಗ ಬಂದ. ಹೊಸ ಮೊಳೆ ಹೊಡೆಯಬೇಕು, ಕೂದಲು ಬೇಕು ಎಂದ. "ಎಣ್ಣ ಅಚ್ಚೋ ನೆಪ ಮಾಡ್ಕಂಡು ಕಿತ್ಕಂಡ್ ಬಾ, ಓಗವ್ವ" ಎಂದು ಮಾವ ನನ್ನನ್ನು ಒಳಗೆ ಕಳಿಸಿದರು. ಎಣ್ಣೆಯ ಕೈ ನೆತ್ತಿಗೆ ಇಟ್ಟಿದ್ದೇ ತಡ, ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಬೆರಳುಗಳು ಮಂಜಿನ ಹಾಗೆ ಕೊರೆಯುತ್ತಿದ್ದವು.

"ಯಾವ ಮರ ಅಂತ ನಂಗ ಗೊತ್ತಿತ್ತು ಕಣಮ್ಮಿ. ಕುಯ್ಲಿ ಅಂತ್ಲೇ ಸುಮ್ನಿದ್ದೆ. ನನ್ನ ಕೂಸ್ಗ ನಾನಿನ್ನೂ ಅತ್ತು ಮುಗ್ಸಿಲ್ಲ. ಇನ್ನೊಂದ್ಸಲ ಮೊಳ ಒಡಿಸ್ಬ್ಯಾಡ."

ನನಗೆ ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಒಬ್ಬ ತಾಯಿಯ ಅಳುವನ್ನು ಮರದೊಳಗೆ ಕೂಡಿಹಾಕಿ, ಈಗ ಮತ್ತೆ ಕೂಡಿಹಾಕಲು ಹೊರಟಿದ್ದಾರಲ್ಲ ಎಂದು ಮೈ ಉರಿಯಿತು. ಹಿತ್ತಲಿಗೆ ಹೋಗಿ ನನ್ನ ನೆತ್ತಿಯ ಕೂದಲನ್ನೇ ಕಿತ್ತು, ನರೆತಂತೆ ಕಾಣಲಿ ಎಂದು ಒಲೆಯ ಬೂದಿ ಸವರಿ ತಂದುಕೊಟ್ಟೆ. ಮಂತ್ರವಾದಿಯ ಮಗ ಅದನ್ನು ಮೊಳೆಗೆ ಸುತ್ತಿ ಪಡುವಲ ಮರಕ್ಕೆ ಹೊಡೆದ. ಅಷ್ಟು ದೂರದಲ್ಲಿ ನಿಂತಿದ್ದರೂ ಏಟು ಬಿದ್ದಾಗಲೆಲ್ಲ ನನ್ನ ನೆತ್ತಿ ಚುರ್ ಎಂದಿತು. ಕಿತ್ತ ಉರಿ ಇರಬೇಕು ಎಂದುಕೊಂಡೆ.

ಅತ್ತೆ ಇನ್ನೂ ಎಷ್ಟೋ ಸಂಜೆ ಅತ್ತರು. ಗಾಳಿ ಇಳಿಯುವುದು ನಿಧಾನ ಎಂದು ಮಂತ್ರವಾದಿಯ ಮಗ ಹೇಳಿದ್ದನ್ನು ಮಾವ ನಂಬಿದರು. ಒಂದು ಬೆಳಿಗ್ಗೆ ಅತ್ತೆ ತಾವೇ ಎದ್ದು ಮುಖ ತೊಳೆದು, ಬೀದಿಗೆಲ್ಲ ಕೇಳುವ ಹಾಗೆ ಮಾವನನ್ನು ಬೈದರು. ಮಾವ ಹಲ್ಲು ಬಿಟ್ಟುಕೊಂಡು ಬೈಸಿಕೊಂಡರು. ಕಪ್ಪಾದ ತುಂಡನ್ನು ಹೊಲದಲ್ಲೇ ಸುಟ್ಟು, ಬೇರೆಯವರಿಂದ ಉಳಿದ ದಿಮ್ಮಿ ಕೊಯ್ಯಿಸಿ ಮನೆ ಕಟ್ಟಿದ್ದಾಯಿತು.

ಆ ಮನೆಯಲ್ಲಿ ನಾನು ಮಗನನ್ನು ಹೆತ್ತೆ. ಅವನು ಅಂಬೆಗಾಲಿಡುವ ಹೊತ್ತಿಗೆ ಕಳೆದುಕೊಂಡೆ. ಅವನನ್ನು ಮಣ್ಣಿಗೆ ಎತ್ತಿಕೊಂಡು ಹೋದ ದಿನ ಅತ್ತೆ ನನ್ನ ಭುಜ ಹಿಡಿದು ಅಲ್ಲಾಡಿಸಿ, "ಅಳು ಕಣಮ್ಮಿ, ಅತ್ಬುಡು" ಎಂದು ಗೋಗರೆದರು. ಎದೆ ಒಡೆಯುತ್ತಿತ್ತು, ಕಣ್ಣು ಒಣಗಿತ್ತು. ಅತ್ತೆ ನನ್ನನ್ನೇ ದಿಟ್ಟಿಸಿದರು. ಮೆಲ್ಲಗೆ ನನ್ನ ನೆತ್ತಿ ತಡವಿದರು. ಆಮೇಲೆ ಅಂಗಳಕ್ಕೆ ಓಡಿ, "ಯಾರಾದ್ರೂ ಆ ಪಡುವಲ ಮರವ ಕುಯ್ರಪ್ಪಾ" ಎಂದು ಎದೆ ಬಡಿದುಕೊಂಡು ಕೂಗಿದರು. ಮೊಮ್ಮಗ ಹೋದ ಸಂಕಟಕ್ಕೆ ತಲೆ ಕೆಟ್ಟಿದೆ ಎಂದು ಅವರನ್ನು ಒಳಗೆ ಕರೆದುಕೊಂಡು ಹೋಗಿ ಮಲಗಿಸಿದರು.

ಆ ಮರ ಇನ್ನೂ ಬದುವಿನಲ್ಲಿದೆ. ನನ್ನ ಮಗನಿಗೆ ನಾನು ಇನ್ನೂ ಅತ್ತಿಲ್ಲ.