ಎರಡು ಸೀರೆಯ ಚೀಲ

ಮಲ್ಲಾಬಾಯಿ ಎಲ್ಲಿಗೆ ಹೊರಟರೂ ಕೈಯಲ್ಲಿ ಒಂದೇ ವಾಯರ್ ಚೀಲ. ಒಂದು ಸೀರೆ ಮೈಮೇಲೆ, ಒಂದು ಚೀಲದಲ್ಲಿ, ಮುಗಿಯಿತು. ನಾನು ಆಕೆಯ ಪಕ್ಕದ ಮನೆಯವಳು, ಕೊಡೇಕಲ್ಲಿಗೆ ಒಂದು ದಿನದ ಮಟ್ಟಿಗೆ ಹೋಗುವುದಿದ್ದರೂ ಅರ್ಧ ಮನೆ ಕಟ್ಟುವವಳು. "ಉಮಾ, ಹೊಸಾ ಸಂಸಾರ ಹೂಡಾಕ ಹೊಂಟಿ ಏನ?" ಎಂದು ಆಕೆ ಚೇಷ್ಟೆ ಮಾಡಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು.

ಆಕೆ ಹಾಗಾಗಿದ್ದಕ್ಕೆ ಕಾರಣ ದೇವಾಪುರದಲ್ಲಿ ಎಲ್ಲರಿಗೂ ಗೊತ್ತು. ಮದುವೆಯಾದ ಹೊಸದರಲ್ಲಿ ಗಂಡನ ಹೊಡೆತ ತಾಳದೆ, ಕರೆಯಲು ಬಂದ ಅಪ್ಪನ ಜೊತೆ ತವರಿಗೆ ಹೊರಟಿದ್ದಳು. ತಲೆಯ ಮೇಲೆ ಹಸಿರು ಟ್ರಂಕು. ಟ್ರಂಕು ಹೊತ್ತ ಸೊಸೆ ತಿರುಗಿ ಬರುವವಳಲ್ಲ ಎಂದು ಊರು ಗಂಡನ ಕಿವಿ ಕಚ್ಚಿತು. ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಆತ ಆಕೆಯನ್ನು ಹಿಡಿದ. ಎಲ್ಲರೆದುರು ರಟ್ಟೆ ಹಿಡಿದು ಎಳೆದು ತಂದ. ಆಮೇಲೆ ಆತ ಸಾಯುವ ತನಕ ಆಕೆ ದೇವಾಪುರದಲ್ಲೇ ಬಾಳಿದಳು. ಈಗ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ.

ಈ ಸಲ ಶ್ರಾವಣ ಹತ್ತಿರವಾದಾಗ ಒಂದು ಸಂಜೆ ನಮ್ಮ ಕಟ್ಟೆಗೆ ಬಂದು ಕೂತಳು. ಇದ್ದೊಬ್ಬ ಮಗಳು ದುರ್ಗಾಳನ್ನು ಕೊಂಕಲ್ಲಿಗೆ ಕೊಟ್ಟಿದ್ದಳು. ಅಳಿಯ ರಾಮಲಿಂಗ ಶಹಾಪುರದಲ್ಲಿ ಗೊಬ್ಬರದ ಅಂಗಡಿಯಲ್ಲಿ ದುಡಿಯುತ್ತಾನೆ.

"ಯುಗಾದಿಗೆ ಹೋದಾಗ ನೋಡಿ ಬಂದೇನಿ. ಗಂಡ ಹೊಡದು ಆಕಿ ಬೆನ್ನ ತುಂಬ ಬಾಸುಂಡಿ ಎಬ್ಬಸ್ಯಾನ. ಫೋನೂ ಕಸಗೊಂಡಾನ. ಪಂಚಮಿ ನೆವದಾಗ ಕರಕೊಂಡ ಬರತೇನಿ, ತಿರುಗಿ ಕಳಸಂಗಿಲ್ಲ. ಆಕಿಗೂ ಹೇಳಿ ಬಂದೇನಿ, ಎರಡ ಸೀರಿ ಬಿಟ್ಟು ಏನೂ ತರಬ್ಯಾಡ ಅಂತ. ನೀ ಸಂಗಡ ಬಾ. ಬಾಯಿ ಮಾತ್ರ ತೆರೀಬ್ಯಾಡ."

ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ. ಆದರೂ ಹೂಂ ಅಂದೆ.

ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಅಣ್ಣತಮ್ಮಂದಿರು ಹೋಗುವುದು ರೂಢಿ. ಗಂಡುಮಕ್ಕಳಿಲ್ಲದ ಮಲ್ಲಾಬಾಯಿ ತಾನೇ ಉಂಡಿ, ಜೋಳದ ಅಳ್ಳು, ಸಜ್ಜಿ ರೊಟ್ಟಿ ತುಂಬಿದ ಬುಟ್ಟಿ ಹೊತ್ತಳು. ಬುಟ್ಟಿ ಹೊತ್ತು ಬಂದವರ ಜೊತೆ ಸೊಸೆಯನ್ನು ಕಳಿಸೆನೆಂದರೆ ಯಾವ ಅತ್ತೆಗೂ ಓಣಿಯಲ್ಲಿ ಮುಖ ಉಳಿಯುವುದಿಲ್ಲ. ಆದರೆ ಹೊರಟ ಸೊಸೆಯ ಚೀಲ ನೋಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಕೊಂಕಲ್ಲಿನಲ್ಲಿ ದುರ್ಗಾಳ ಅತ್ತೆ ಶಾಂತಾದೇವಿ ಚಹಾ ಕೊಟ್ಟಳು, ನಗುನಗುತ್ತಲೇ ಮಾತಾಡಿದಳು. ದುರ್ಗಾ ಚೀಲ ಹಿಡಿದು ಪಡಸಾಲೆಗೆ ಬಂದಳು. ಅದರ ಹೊಟ್ಟೆ ಉಬ್ಬಿತ್ತು, ಎರಡೇ ಸೀರೆಗೆ ಅಷ್ಟು ಉಬ್ಬುವುದಿಲ್ಲ.

"ಯಾವ ಸೀರಿ ತಗೊಂಡಿ, ನೋಡೂಣು," ಎನ್ನುತ್ತ ಶಾಂತಾದೇವಿ ಚೀಲ ಎಳೆದುಕೊಂಡಳು. ಎರಡು ಸೀರೆ ಬಂದವು. ಆಧಾರ್ ಕಾರ್ಡು ಬಂತು.

"ಇದ್ಯಾಕ?"

"ಬಸ್ಸಿನ್ಯಾಗ ಪುಕ್ಕಟೆ ಟಿಕೀಟಿಗೆ ಬೇಕಲ್ರಿ ಅತ್ತಿ."

ಅದಕ್ಕೆ ತಕರಾರು ಬರಲಿಲ್ಲ. ಕೊನೆಗೆ ಕೈಗೆ ಹತ್ತಿದ್ದು ಮಡಚಿ ಒತ್ತಿದ್ದ ಕೌದಿ. ಮಲ್ಲಾಬಾಯಿ ತನ್ನ ಅವ್ವನ ಹಳೆ ಸೀರೆಗಳನ್ನೆಲ್ಲ ಕೂಡಿಸಿ, ಎರಡು ಬೇಸಿಗೆ ಕೂತು ಹೊಲಿದು ಮಗಳ ಮದುವೆಗೆ ಕೊಟ್ಟ ಕೌದಿ ಅದು.

ಶಾಂತಾದೇವಿಯ ನಗು ನಿಂತಿತು. "ನಾಲ್ಕು ದಿನದ ಹಬ್ಬಕ್ಕ ಕೌದಿ ಯಾಕ? ನಿಮ್ಮ ಮನ್ಯಾಗ ಹೊದಿಯಾಕ ಇಲ್ಲೇನ್ರಿ ಬೀಗತಿ?"

ದುರ್ಗಾ ಬಿಳಚಿಕೊಂಡಳು. ನನ್ನ ನಾಲಿಗೆ ತುದಿಗೆ ಹತ್ತು ಮಾತು ಬಂದವು, ಹಲ್ಲು ಕಚ್ಚಿದೆ. ಮಲ್ಲಾಬಾಯಿ ಎದ್ದು ಕೌದಿ ಕೈಗೆ ತೆಗೆದುಕೊಂಡಳು. ಅದರ ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿದಳು. ಮೂಲೆಗೆ ಬಂದ ಕೈ ಅಲ್ಲೇ ಕ್ಷಣ ನಿಂತಿತು. ಆಮೇಲೆ ಅದನ್ನು ಮಡಚಿ ಬೀಗತಿಯ ತೊಡೆಯ ಮೇಲಿಟ್ಟಳು.

"ಹುಚ್ಚ ಹುಡುಗಿರಿ ಇದು. ನಮ್ಮಲ್ಲಿ ಮೂರ ಅದಾವ. ಇಲ್ಲೇ ಇರಲಿ, ಬಂದು ಹೊತಗೋತಾಳ."

"ಯವ್ವಾ," ಅಂದಳು ದುರ್ಗಾ.

"ಸುಮ್ಮ ನಡಿ. ಗಾಡಿ ತಪ್ಪತೈತಿ."

ಕೌದಿ ಬಿಟ್ಟು ಹೋಗುವ ಸೊಸೆ ತಿರುಗಿ ಬಂದೇ ಬರುತ್ತಾಳೆ. ಶಾಂತಾದೇವಿಯ ಮುಖ ಸಡಿಲವಾಯಿತು. ಖಾಲಿ ಬುಟ್ಟಿ ಕಳಿಸಬಾರದೆಂದು ಜೋಳ ಸುರಿದಳು. "ರಾಮಲಿಂಗಗ ಫೋನ್ ಹಚ್ಚತೇನಿ. ಶಹಾಪುರ ಸ್ಟ್ಯಾಂಡಿನ್ಯಾಗ ಬಂದು ಮಾತಾಡಸ್ತಾನ," ಅಂದಳು.

ಟಂಟಂ ಆಟೋದಲ್ಲಿ ಯಾದಗಿರಿಗೆ ಬಂದೆವು. ಸುರಪುರದ ಬಸ್ಸು ಹತ್ತಿ ಭೀಮಾ ಸೇತುವೆ ದಾಟಿದರೂ ದುರ್ಗಾ ಕಿಟಕಿಯ ಕಡೆಗೇ ಮುಖ ಮಾಡಿ ಅಳುತ್ತಿದ್ದಳು. ಕೌದಿಗೆ ಇಷ್ಟು ಅಳುವುದೇ ಎಂದು ನನಗೆ ಸಿಟ್ಟೂ ಬಂತು.

ಶಹಾಪುರದ ಸ್ಟ್ಯಾಂಡಿನಲ್ಲಿ ರಾಮಲಿಂಗ ನಿಂತೇ ಇದ್ದ. ಬಸ್ಸು ನಿಲ್ಲುವ ಮೊದಲೇ ಕಿಟಕಿಗೆ ಬಂದ. ಮೊದಲು ಹೆಂಡತಿಯ ಮುಖ ನೋಡಲಿಲ್ಲ. ಮೇಲೆ ಸಾಮಾನಿಡುವ ಜಾಗ ನೋಡಿದ, ಕಾಲ ಕೆಳಗೆ ನೋಡಿದ, ಆಕೆಯ ತೊಡೆಯ ಮೇಲಿನ ಚೀಲ ನೋಡಿದ.

"ಇಷ್ಟೇನು?"

"ಇಷ್ಟರಿ," ಅಂದಳು ದುರ್ಗಾ.

"ಯಾಕ ಅತ್ತೀ?" ಹೆಂಡತಿಯ ಕೆಂಪಾದ ಕಣ್ಣು ನೋಡಿ ಕೇಳಿದ.

"ತವರಿಗೆ ಹೊಂಟಾಳ, ಅವರಪ್ಪನ ನೆನಪು ಬಂದೈತ್ರಿ," ಅಂದಳು ಮಲ್ಲಾಬಾಯಿ. ಇದೇ ಸ್ಟ್ಯಾಂಡಿನಲ್ಲಿ ಮಲ್ಲಾಬಾಯಿಯ ರಟ್ಟೆ ಹಿಡಿದು ಎಳೆದವನು ಆ ಅಪ್ಪನೇ. ಆದರೂ ದನಿ ಅಲುಗಲಿಲ್ಲ.

"ಸೋಮವಾರಕ್ಕ ಬಾ," ಎಂದು ಆತ ಒಂದು ಡಜನ್ ಬಾಳೆಹಣ್ಣು ಕಿಟಕಿಯಿಂದ ಒಳಗೆ ಕೊಟ್ಟ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಬಿದ್ದು ಹತ್ತಿ ಹೊಲಗಳು ಕಂಡ ಮೇಲೆ ನಾನು ಉಸಿರು ಬಿಟ್ಟೆ.

ದುರ್ಗಾ ತಾಯಿಯ ಕಡೆ ತಿರುಗಿದಳು. "ಯವ್ವಾ, ಕೌದಿ ಮೂಲ್ಯಾಗ ಬಂಗಾರದ ಬೋರಮಳ ಸರ ಇಟ್ಟು ಹೊಲದಿದ್ದೆ. ನೀ ಮದುವ್ಯಾಗ ಹಾಕಿದ್ದು. ಅತ್ತಿ ಪೆಟಗಿಯಿಂದ ಕದ್ದು ತಗದಿದ್ದೆ."

"ಗೊತ್ತೈತಿ. ಮೂಲಿಗೆ ಕೈ ಹೋದಾಗ ತಿಳೀತು, ಅಲ್ಲಿ ಹೊಲಿಗಿ ನಂದಲ್ಲ."

"ತಿಳಿದೂ ಕೊಟ್ಟೆ?"

ಮಲ್ಲಾಬಾಯಿ ಹಿಂದೆ ಉಳಿದ ಶಹಾಪುರದ ಕಡೆ ತಿರುಗಿ ನೋಡಿದಳು.

"ಅವತ್ತು ಇದೇ ಸ್ಟ್ಯಾಂಡಿನ್ಯಾಗ ಬಸ್ಸು ಹೊಂಟಿತ್ತು. ನಮ್ಮಪ್ಪ ಒಳಗ ನಿಂತು, ಟ್ರಂಕ್ ಬಿಟ್ಟು ಹತ್ತು ಮಗಳ ಅಂತ ಒದರಿದ. ಅದರಾಗ ನನ್ನ ಬೆಳ್ಳಿ ಡಾಬು ಇತ್ತು. ನಾ ಬಿಡಲಿಲ್ಲ. ಹೊಳ್ಳಿ ಎತ್ತಾಕ ಬಗ್ಗಿದೆ, ಅಷ್ಟರಾಗ ನಿಮ್ಮಪ್ಪ ಬಂದ."

ಈ ಮಾತು ದೇವಾಪುರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ, ಬುಟ್ಟಿಯ ಮೇಲೆ ಬಗ್ಗಿ ಅತ್ತೆ. ದುರ್ಗಾ ಅವ್ವನ ಕೈ ಹಿಡಿದುಕೊಂಡಳು.

"ಹಳೇ ಸೀರಿ ಇನ್ನೂ ಅದಾವ," ಅಂದಳು ಮಲ್ಲಾಬಾಯಿ. "ಚಳಿ ಬೀಳೂದರಾಗ ಇನ್ನೊಂದು ಹೊಲಿಯೂಣು. ಮೂಲಿ ನೀ ಹೊಲಿ."